ಮೀಟರು ಪುಸ್ತಕ

ರಾತ್ರಿ ಪಾಳಿ. ಪುಸ್ತಕದ ಎಡಕ್ಕೆ ನೀರು, ಬಲಕ್ಕೆ ಕರೆಂಟು.
ನಡುವಿನ ಗೆರೆ ನಾನೇ ಎಳೆದದ್ದು, ಸ್ಕೇಲಿಲ್ಲದೆ;
ಅಘನಾಶಿನಿಯ ಹಾಗೆ ಅಲ್ಲಲ್ಲಿ ಬಾಗಿದೆ.

ಮೊದಲ ಬೇಸಿಗೆ: ಸಾವಿರ ಲೀಟರಿಗೆ ಆರೂವರೆ ಯೂನಿಟ್ಟು.
ಕಡಲಿನಿಂದ ನೀರು ಬಿಡಿಸುವುದೆಂದರೆ
ಕೂಡಿದ ಮನೆಯಿಂದ ಪಾಲು ಬಿಡಿಸಿದ ಹಾಗೆ,
ಯಾರೂ ಸುಮ್ಮನೆ ಎದ್ದು ಹೊರಡುವುದಿಲ್ಲ.
ಗಾಳಿಯ ಭಾರದ ಅರವತ್ತು ಪಟ್ಟು ಹೊತ್ತು
ಪಂಪು ಹಗಲಿರುಳು ನೂಕಬೇಕು;
ಆಗ ಪೊರೆಯ ಆಚೆ ಒಂದಿಷ್ಟು ಸಿಹಿನೀರು
ಮುನಿಸಿಕೊಂಡೇ ತೊಟ್ಟಿಕ್ಕುತ್ತದೆ.

ಮಾರ್ಚಿನ ಬಿಲ್ಲು ಬಂದ ದಿನ
ಸೊಸೈಟಿಯ ಹೊನ್ನಪ್ಪ ಪಟಗಾರರು
ಕಳ್ಳನೋಟು ನೋಡುವವರ ಹಾಗೆ ಅದನ್ನು ಬೆಳಕಿಗೆ ಹಿಡಿದರು.
"ಈ ದುಡ್ಡಿಗೆ ಊರಿಗೆಲ್ಲ ಎಳನೀರೇ ಹಂಚಬಹುದಿತ್ತು ಮಾರಾಯ್ತಿ."
ಯಾರೂ ನಗಲಿಲ್ಲ. ಹೊರಗೆ ಕೊಡಗಳ ಸಾಲು.
ಆ ವಾರ ಎರಡು ದಿನ ಪಂಪು ನಿಲ್ಲಿಸಿದೆವು.
ದೇವಿದಾಸ ಬಾವಿನೀರಲ್ಲೇ ಚಾ ಇಟ್ಟ,
ಹಾಲು ಒಡೆಯಿತು.

ಹತ್ತು ಕೊಡ ಕಡಲು ಒಳಗೆ ಬಂದರೆ
ನಾಲ್ಕು ನಮಗೆ; ಉಳಿದ ಆರು
ಇನ್ನಷ್ಟು ಉಪ್ಪಾಗಿ ಹಿಂದಿನ ಕೊಳವೆಯಿಂದ ಹೊರಗೆ.
ಕವಾಟದಲ್ಲಿ ಕತ್ತು ಹಿಸುಕಿ ಬಿಟ್ಟರೂ
ಬುಸುಗುಟ್ಟಿಕೊಂಡೇ ಹೋಗುತ್ತಿತ್ತು.
ಬಳಚು ಹೆಕ್ಕುವ ಮಾದೇವಿ ಮುಕ್ರಿ
ಸೊಂಟದವರೆಗಿನ ಕೆಸರಿನಿಂದ ಎದ್ದು ಬಂದು ಮೊದಲು ಬೈದಳು:
"ನನ್ನ ಬಳಚಿಗೆ ಉಪ್ಪು ಹಾಕೂಕೆ ನೀವ್ಯಾರ್ರೋ?"
ಆಮೇಲೆ ಕೊಳವೆಯ ಬಾಯಿಗೆ ಅಂಗೈ ಹಿಡಿದಳು.
ಅಂಗೈ ಹಿಂದಕ್ಕೆ ಹಾರಿತು.
"ಇಷ್ಟ್ ಕಸುವು ಸುಮ್ನೆ ಚೆಲ್ತ್ರಲ್ಲ!
ಗಜನಿಯ ಜಂತ್ರಡಿಗೆ ಯಾರು ಕರೆಂಟು ಕೊಡ್ತಾರೆ?
ಬರೂ ನೀರೇ ಕದ ಹಾಕ್ತದೆ, ಹೋಗೂ ನೀರೇ ತೆಗೀತದೆ."

ಅವಳು ಹೇಳಿದ್ದು ಹೊಸತೇನಲ್ಲ.
ಕಪಾಟಿನಲ್ಲಿ ಹಳೆಯ ಟೆಂಡರಿನ ಕಡತ ಇತ್ತು.
ಹದಿನಾಲ್ಕನೆಯ ಸಾಲು: ಒತ್ತಡ ಮರಳಿಸುವ ಯಂತ್ರ, ಒಂದು.
ಅದರ ಮೇಲೆ ಕೆಂಪು ಗೆರೆ.
ಪಕ್ಕದಲ್ಲಿ ನನ್ನದೇ ಅಕ್ಷರ:
"ದುಬಾರಿ. ಸದ್ಯಕ್ಕೆ ಬೇಡ."

ಮೂರು ಬೇಸಿಗೆಯ ಬಿಲ್ಲು ಕೂಡಿಸಿ ನೋಡಿದೆ.
ಮೊತ್ತ ಇಲ್ಲಿ ಬರೆಯುವುದಿಲ್ಲ.

ಭಟ್ಕಳದಿಂದ ಫಿಟ್ಟರ್ ಇಲ್ಯಾಸ್ ಶಾಬಂದ್ರಿ ತಂದ,
ಗೋಣಿಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ:
ಬಿಳಿ ಪಿಂಗಾಣಿಯ ಉರುಳೆ,
ಶ್ಯಾವಿಗೆ ಒರಳಿನಂತೆ ಉದ್ದಕ್ಕೂ ತೂತು.
ಹೊರಡುವ ನೀರು ಬರುವ ನೀರಿಗೆ ತನ್ನ ನೂಕು ಕೊಟ್ಟು ಹೋಗುತ್ತದೆ;
ಬಾವಿಕಟ್ಟೆಯಲ್ಲಿ ಮನೆಗೆ ಹೊರಟವಳು
ಆಗಷ್ಟೇ ಬಂದವಳ ತಲೆಗೆ ಕೊಡ ಎತ್ತಿಕೊಟ್ಟ ಹಾಗೆ.
ಮಾತಿಲ್ಲ. ಎರಡೂ ಹೆಚ್ಚು ಬೆರೆಯುವುದೂ ಇಲ್ಲ.
ಉರುಳೆ ಮಾತ್ರ ಸಣ್ಣಗೆ ಸಿಳ್ಳೆ ಹಾಕುತ್ತದೆ.

ಮೂರೂಕಾಲು.
ನಂಬದೆ ಮತ್ತೊಮ್ಮೆ ಟಾರ್ಚು ಬಿಟ್ಟೆ. ಮೂರೂಕಾಲು.

"ಇನ್ನೂ ಇಳಿಸಬಹುದಾ?" ಕೇಳಿದೆ.
ಇಲ್ಯಾಸ್ ಕೈ ಒರೆಸಿಕೊಂಡ. "ಇನ್ನೊಂದಿಷ್ಟು.
ಆದರೆ ಒಂದು ಯೂನಿಟ್ಟಿನ ಹತ್ತಿರ ಕಡಲು ನಿಂತುಬಿಡುತ್ತದೆ.
ಅಲ್ಲಿ ಚೌಕಾಸಿ ಇಲ್ಲ. ಅದು ಅದರ ಅಸಲು.
ನಾವು ಇಷ್ಟು ದಿನ ಕಟ್ಟಿದ್ದು ಬಡ್ಡಿ."

ಈಗ ಹಿಂದಿನ ಕೊಳವೆಗೆ ಸದ್ದಿಲ್ಲ.
ಸಿಟ್ಟು ಇಳಿದಿದೆ, ಉಪ್ಪು ಇಳಿದಿಲ್ಲ.
ಉಪ್ಪು ತಿಂದವ ನೀರು ಕುಡಿಯಲೇಬೇಕಂತೆ;
ನೀರು ಕುಡಿದವರು ಉಪ್ಪನ್ನು ಎಲ್ಲಿಡಬೇಕು,
ಗಾದೆ ಹೇಳುವುದಿಲ್ಲ.
ಹೊಳೆಯಾಚೆ ಸಾಣಿಕಟ್ಟೆಯವರು ಕೇಳಿದ್ದಾರೆ,
"ನಮ್ಮ ಆಗರಕ್ಕೆ ಕೊಡಿ, ಬಿಸಿಲಿಗೆ ಅರ್ಧ ಕೆಲಸ ಉಳಿದೀತು."
ಹೊಳೆ ದಾಟಿಸುವ ಕೊಳವೆಗೂ ಒಂದು ಪಂಪು ಬೇಕು.
ಆ ಲೆಕ್ಕ ಇನ್ನೂ ಕೂಡಿಲ್ಲ.

ಪುಸ್ತಕದಲ್ಲಿ ಮೂರನೆಯ ಗೆರೆ ಎಳೆದಿದ್ದೇನೆ.
ಮೇಲೆ ಬರೆದೆ: ಬಳಚು, ಬುಟ್ಟಿಗಳಲ್ಲಿ.
ಶನಿವಾರಕ್ಕೊಮ್ಮೆ ಮಾದೇವಿ ಎಣಿಸಿ ಹೇಳಬೇಕು,
ನಾನು ತುಂಬಬೇಕು. ಕಳೆದ ವಾರ ಎರಡೂವರೆ.
ಇಂದಿನ ಮನೆ ಖಾಲಿ ಇದೆ.

ಇಳಿತ ನಾಲ್ಕು ಗಂಟೆಗೆ.
ದೀಪ ಆರಿಸಿ ಕೂತಿದ್ದೇನೆ,
ಅದೂ ಒಂದಿಷ್ಟು ಉಳಿಯಲಿ ಎಂದು.